ಗಲ್ಲಿಯ ಬಾಯಿಗೆ ಬರೆದ ಕಿಟಕಿ

ನನ್ನ ಸೋದರಮಾವನಿಗೆ ಕಾಣದ್ದನ್ನು ಬರೆಯಲು ಬರುತ್ತಿರಲಿಲ್ಲ. ಅಂಗಡಿಗಳಿಗೆ ಬೋರ್ಡು ಬರೆದು ಬದುಕುವವನಿಗೆ ಇದು ಸಣ್ಣ ಕೊರತೆಯಲ್ಲ. ಬೀಗದ ಅಂಗಡಿಯವನೊಬ್ಬ ತನ್ನ ಬೋರ್ಡಿಗೆ ಗರ್ಜಿಸುವ ಸಿಂಹ ಬೇಕು ಅಂದಾಗ ಮಾವ, "ಸಿಂಹ ತೋರ್ಸಿ, ಬರೀತೀನಿ" ಅಂದಿದ್ದ. ಕೊನೆಗೆ ಆ ಅಂಗಡಿಯ ಬೆಕ್ಕಿನ ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿ, ಎದುರಿಗೆ ಕೂರಿಸಿಕೊಂಡು ಬರೆದ. ಆ ಸಿಂಹವನ್ನು ನೋಡಿದವರಿಗೆ ಒಂದು ಬಟ್ಟಲು ಹಾಲಿಡೋಣ ಅನ್ನಿಸುತ್ತಿತ್ತೇ ಹೊರತು ಹೆದರಿಕೆ ಆಗುತ್ತಿರಲಿಲ್ಲ.

ಕಂಡದ್ದನ್ನು ಬರೆಯಲು ಕೂತರೆ ಮಾತ್ರ ಅವನ ಕೈಯೇ ಬೇರೆ. ನಮ್ಮ ಇಸ್ತ್ರಿ ಅಂಗಡಿಯ ಹಲಗೆಯ ಮೇಲೆ ಅವನು ಬರೆದ ಇಸ್ತ್ರಿಪೆಟ್ಟಿಗೆ ನೋಡಿ ಗಿರಾಕಿಯೊಬ್ಬರು, "ಬಿಸಿ ಪೆಟ್ಟಿಗೇನ ತಲೆ ಮೇಲೆ ಯಾಕಮ್ಮ ಇಟ್ಟಿದ್ದೀರಾ, ಯಾರ ಮೇಲಾದ್ರೂ ಬಿದ್ರೆ?" ಎಂದು ನನ್ನನ್ನೇ ಗದರಿಸಿದ್ದರು. ಅಪ್ಪ ಹೋದ ಮೇಲೆ ಆ ಅಂಗಡಿಯನ್ನು ಅಮ್ಮನೂ ನಾನೂ ನಡೆಸುತ್ತಿದ್ದೆವು. ಗಲ್ಲಿಯ ಬಾಯಿಯಲ್ಲೇ ಅಂಗಡಿ, ಅದರ ಹಿಂದೆ ಮಾವನ ಮನೆ, ಪಕ್ಕದಲ್ಲಿ ನಮ್ಮದು. ಗಲ್ಲಿಯ ಇನ್ನೊಂದು ತುದಿಗೆ ರೈಲ್ವೆಯವರ ಎತ್ತರದ ಗೋಡೆ. ಬರಬೇಕಾದರೂ ಹೋಗಬೇಕಾದರೂ ದೊಡ್ಡ ರಸ್ತೆಗೆ ತೆರೆದ ಆ ಒಂದೇ ಬಾಯಿ.

ಯಂತ್ರದಲ್ಲಿ ಅಚ್ಚಾಗುವ ಫ್ಲೆಕ್ಸ್ ಬಂದದ್ದೇ ತಡ, ಮಾವನ ಕುಂಚಗಳು ಒಣಗಿದವು. ಸುಮ್ಮನೆ ಕೂರಲಾರದೆ ಮನೆಯ ಬಾಗಿಲು, ಬಕೆಟ್ಟು, ಸೊಳ್ಳೆಪರದೆಯ ಕೋಲುಗಳಿಗೆಲ್ಲ ಬಣ್ಣ ಬಳಿದ. "ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ" ಎಂದು ಅಮ್ಮ ರೇಗಿಸಿದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಾವನ ಮನೆಯಲ್ಲಿ ಮಗ, ಮಗು ಅನ್ನುವ ಮಾತನ್ನು ನಾವು ನೋಡಿಕೊಂಡು ಆಡುತ್ತಿದ್ದೆವು. ಅತ್ತೆ ಮೂರು ಸಲ ಬಸುರಾಗಿ ಮೂರೂ ಸಲ ಕಳೆದುಕೊಂಡಿದ್ದಳು. ಈಗ ಮತ್ತೆ ಬಸುರಿ. ಇದೇ ಕೊನೆ, ಇನ್ನೊಂದನ್ನು ಈ ಮೈ ತಡೆಯುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿ, ಹೆರಿಗೆಯವರೆಗೆ ಮಂಚ ಬಿಟ್ಟು ಇಳಿಯಬೇಡ ಎಂದಿದ್ದರು. ಮಂಚದ ಮೇಲೆ ಮಲಗಿಕೊಂಡು ಅತ್ತೆ ಸೀಲಿಂಗಿಗೆ ಜೋಕು ಹೇಳುತ್ತಿದ್ದಳು. ನನಗೆ ಇಡೀ ಗಲ್ಲಿಯಲ್ಲಿ ಅವಳಷ್ಟು ಇಷ್ಟದವರು ಬೇರೆ ಯಾರೂ ಇರಲಿಲ್ಲ.

ಆ ವರ್ಷ ನಮ್ಮೂರಿಗೆ ಕ್ರೀಡಾಕೂಟ ಬಂತು. ಸಣ್ಣಪುಟ್ಟದ್ದಲ್ಲ, ಇಡೀ ಖಂಡದ ದೇಶಗಳೆಲ್ಲ ಬಂದು ಓಡಿ, ಈಜಿ, ಎಗರಿ, ಕುಸ್ತಿಯಾಡಿ ಹೋಗುವಂಥದ್ದು. ಗಂಡಿನ ಕಡೆಯವರು ಬರುತ್ತಾರೆಂದು ಮನೆಯ ಹರಕು ಚಾಪೆಗಳನ್ನು ಅಟ್ಟಕ್ಕೆ ಎಸೆಯುವುದಿಲ್ಲವೇ, ಊರು ಹಾಗೆ ತನ್ನ ಹರಕುಗಳನ್ನು ಹುಡುಕತೊಡಗಿತು. ನಾವು ಸಿಕ್ಕೆವು. ಕೂಟದ ಚಿಹ್ನೆಯ ಟೋಪಿ ಹಾಕಿಕೊಂಡೇ ಓಡಾಡುತ್ತಿದ್ದ ಒಬ್ಬ ಅಧಿಕಾರಿ ಬಂದು, "ಆಟಗಾರರ ಬಸ್ಸೆಲ್ಲ ಈ ರಸ್ತೇಲೇ ಹೋಗೋದು, ಕ್ಯಾಮೆರಾನೂ ಇರತ್ತೆ. ನಿಮ್ಮ ಗಲ್ಲಿ ಸ್ವಲ್ಪ... ಹೇಗೆ ಹೇಳ್ಲಿ..." ಎಂದು ತಡವರಿಸಿದರು.

"ಕೊಳಕು ಅನ್ನಿ ಸಾರ್, ನಾವೇನೂ ಬೇಜಾರ್ ಮಾಡ್ಕೊಳಲ್ಲ" ಎಂದಳು ಅಮ್ಮ.

ರಸ್ತೆಯುದ್ದಕ್ಕೂ ಕಬ್ಬಿಣದ ಚೌಕಟ್ಟು ಹುಗಿದು ಫ್ಲೆಕ್ಸ್ ಬಿಗಿದು ನೋಡಿದರು. ಬಿಸಿಲಿಗೆ ಅದು ಹೊಳೆದು ಕ್ಯಾಮೆರಾದಲ್ಲಿ ಬರೀ ಬಿಳುಪು ಕಾಣುತ್ತಿತ್ತಂತೆ. ಕೈಯಲ್ಲಿ ಬರೆದರೆ ಹೊಳೆಯುವುದಿಲ್ಲ ಎಂದು ಯಾರೋ ಹೇಳಿದರು. ಆಗ ಊರಿಗೆ ಹಳೆಯ ಪೇಂಟರುಗಳ ನೆನಪಾಯಿತು. ನಮ್ಮ ರಸ್ತೆಯ ಭಾಗ ಮಾವನ ಪಾಲಿಗೆ ಬಂತು. ಲಾರಿ ಮುಚ್ಚುವಂಥ ದಪ್ಪ ಕ್ಯಾನ್ವಾಸು, ಹಿಂಬದಿಗೆ ತೆಳ್ಳಗೆ ಡಾಂಬರು ಬಳಿದ ಪಟ್ಟಿಗಳು. ಅದರ ಮೇಲೆ ಚಂದದ ಮನೆಗಳ ಸಾಲು ಬರೆಯಬೇಕು. ಮಾವ ಕುಣಿದಾಡಿಬಿಟ್ಟ. ಅವನು ಶಿಳ್ಳೆ ಹೊಡೆದದ್ದನ್ನು ನಾನು ಅದೆಷ್ಟೋ ವರ್ಷಗಳ ಮೇಲೆ ಕೇಳಿದೆ.

ಗೋಡೆ ಬರೆದ, ಹೂಕುಂಡ ಬರೆದ, ಕಿಟಕಿ ಬರೆದ. "ಖಾಲಿ ಕಿಟಕಿ ಬೇಡ, ಜನ ಇರ್ಲಿ, ನಗ್ತಾ ಇರ್ಲಿ" ಎಂದರು ಟೋಪಿ ಸಾಹೇಬರು. ಕಾಣದ ಜನರನ್ನು ಮಾವ ಎಲ್ಲಿಂದ ತರಬೇಕು? ಗಲ್ಲಿಯವರನ್ನೇ ಒಬ್ಬೊಬ್ಬರಾಗಿ ಸ್ಟೂಲಿನ ಮೇಲೆ ಕೂರಿಸಿದ. ನಿವೃತ್ತ ಕಂಡಕ್ಟರು ಪೇಪರು ಹಿಡಿದು ಕೂತರು. ಹೊಲಿಗೆಯಾಕೆ ಕೆನ್ನೆಗೆ ಕೈ ಹಚ್ಚಿದಳು. ಅಮ್ಮ ಮಾತ್ರ ನಗಲು ಒಪ್ಪದೆ, ಇಡೀ ಸಾಲಿನಲ್ಲಿ ಗಂಟುಮೋರೆಯ ಒಂದೇ ಒಂದು ಕಿಟಕಿಯಾದಳು.

ಗಲ್ಲಿಯ ಬಾಯಿಗೆ ಅಡ್ಡ ಬರುವ ಪಟ್ಟಿಯಲ್ಲಿ ನಾವು ಓಡಾಡಲು ಮೇಲಿಂದ ಕೆಳಗೆ ಒಂದು ಸೀಳು ಬಿಟ್ಟಿದ್ದರು. ಅದು ರಸ್ತೆಗೆ ಕಾಣಕೂಡದು. ಮಾವ ನನಗೆ ಅದರ ಗುಟ್ಟು ಹೇಳಿಕೊಟ್ಟ: "ಸೀಳು ಮುಚ್ಚೋಕೆ ಹೋಗ್ಬಾರ್ದು ಕಣೆ. ಪಕ್ಕದಲ್ಲಿ ಒಂದು ಒಳ್ಳೇ ಮುಖ ಇಟ್ಬಿಡ್ಬೇಕು. ಮುಖ ಬಿಟ್ಟು ಸೀಳು ನೋಡೋರು ಯಾರೂ ಇಲ್ಲ." ಆ ಮುಖಕ್ಕಾಗಿ ಅವನು ಅತ್ತೆಯನ್ನು ಬರೆದ. ಮಂಚದ ಪಕ್ಕದಲ್ಲಿ ಕೂತು ಕಾಗದದ ಮೇಲೆ ಗೀಚಿಕೊಂಡು ಹೋಗಿ, ಸೀಳಿನ ಅಂಚಿಗೇ ಒಂದು ದೊಡ್ಡ ಕಿಟಕಿ ತೆಗೆದು, ಅದರಲ್ಲಿ ಅವಳನ್ನು ನಿಲ್ಲಿಸಿದ. ಅವಳ ತೋಳಿನಲ್ಲಿ ಒಂದು ಮಗುವನ್ನಿಟ್ಟ.

ಅಮ್ಮ ಅದನ್ನು ನೋಡಿ ರಸ್ತೆಯಲ್ಲೇ ಕೂಗಿದಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬಾರ್ದು ಅಂತಾರೆ. ನೀನು ಕೂಸನ್ನೇ ಬರೆದು ರಸ್ತೆಗೆ ಹಾಕಿದ್ಯಲ್ಲೋ!"

ಮಾವ ಕುಂಚ ತೊಳೆಯುತ್ತ ನಿಂತಿದ್ದ. ನನ್ನನ್ನು ಕಾಡಿದ್ದು ಬೇರೆ. ಅದು ಎಳೆಗೂಸಲ್ಲ. ತಲೆ ತುಂಬ ಕೂದಲು, ಬಲಹುಬ್ಬಿನ ಮೇಲೊಂದು ಸಣ್ಣ ಕಲೆ. ತಾಯಿಯ ಕಡೆ ನೋಡದೆ ರಸ್ತೆಯ ಕಡೆ ಕಣ್ಣು ನೆಟ್ಟಿತ್ತು. ನಮ್ಮ ಗಲ್ಲಿಯಲ್ಲಿ ಅಂಥ ಮಗು ಇರಲಿಲ್ಲ.

"ಯಾರ ಮಗು ಮಾವ ಇದು?"

"ಗೊತ್ತಿಲ್ಲ ಕಣೆ. ಎದುರಿಗಿತ್ತು. ಬರೆದೆ."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಅವನ ಮುಖ ನೋಡಿದೆ. ತಮಾಷೆಯ ಮುಖ ಅದಾಗಿರಲಿಲ್ಲ.

ಬಟ್ಟೆಗೋಡೆ ಎದ್ದ ಮೇಲೆ ನಮ್ಮ ಹಗಲು ಕಂದು ಬಣ್ಣಕ್ಕೆ ತಿರುಗಿತು. ಬಣ್ಣ ಒಳಗಡೆಗೂ ಇಳಿದು ಕಲೆಯಾಗಿತ್ತು. ಗಲ್ಲಿಯಿಂದ ನೋಡಿದರೆ ಕಿಟಕಿ ಕಿಟಕಿಯಲ್ಲೂ ನಮಗೆ ಬೆನ್ನು ಮಾಡಿ ನಿಂತ ಜನ. ಹೊರಗೆ ಬಸ್ಸುಗಳು ನಿಧಾನವಾಗುತ್ತಿದ್ದವು, ಒಳಗಿದ್ದವರು ಏನೋ ಕೂಗಿ ನಗುತ್ತಿದ್ದರು. ಬರೆದ ಜನರಿಗೆ ಆಟಗಾರರು ಕೈ ಬೀಸುತ್ತಾರೆ ಎಂದು ಆಮೇಲೆ ತಿಳಿಯಿತು. ನಮ್ಮ ಕಡೆ ಮಾತ್ರ ಯಾರೂ ಬರಲಿಲ್ಲ. ವಾರ ತುಂಬುವುದರೊಳಗೆ ನಮ್ಮ ಮೇಜಿನ ಮೇಲೆ ಒಂದು ಅಂಗಿಯೂ ಇಲ್ಲದಂತಾಯಿತು. ಹಳೆಯ ಗಿರಾಕಿಯೊಬ್ಬರಿಗೆ ಫೋನು ಮಾಡಿದರೆ, "ಬಂದಿದ್ದೆನಮ್ಮ, ನೀವು ಅಂಗಡೀನೇ ಎತ್ತಿಬಿಟ್ಟಿದ್ದೀರಲ್ಲ" ಅಂದರು. ನಿವೃತ್ತ ಕಂಡಕ್ಟರು ಪೇಪರು ಓದುವುದನ್ನೇ ಬಿಟ್ಟರು. "ಓದೋನು ಅಲ್ಲಿ ಕೂತಿದ್ದಾನಲ್ಲ" ಎಂದು ಗೋಡೆ ತೋರಿಸಿದರು, ನಗಲಿಲ್ಲ.

ಒಂದು ಬೆಳಿಗ್ಗೆ ನಾನೇ ಹಾಲು ತಂದು, ಸೀಳಿನ ಪಕ್ಕದ ಆ ಕಿಟಕಿಯ ಮುಂದೆ ನಿಂತು, "ಅತ್ತೆ, ಹಾಲು ಬಂತು" ಎಂದೆ. ಉತ್ತರ ಬರಲಿಲ್ಲವಲ್ಲ ಎಂದು ಸಿಟ್ಟು ಕೂಡ ಬಂತು. ಅತ್ತೆ ಒಳಗೆ ಮಂಚದ ಮೇಲಿದ್ದಾಳೆ ಎಂದು ಹೊಳೆದದ್ದು ಆಮೇಲೆ.

ಮಾವನಂತೂ ಅಲ್ಲಿಂದ ಕದಲುತ್ತಲೇ ಇರಲಿಲ್ಲ. ಕೆಲಸ ಮುಗಿದಿದ್ದರೂ ಮಗುವಿನ ಕೆನ್ನೆಗೆ ಸ್ವಲ್ಪ ಕೆಂಪು, ಕಣ್ಣಿಗೆ ಸ್ವಲ್ಪ ಬೆಳಕು ಎಂದು ಏನಾದರೊಂದು ಹಚ್ಚುತ್ತ ನಿಂತಿರುತ್ತಿದ್ದ. ಅತ್ತೆ ಮೊದಮೊದಲು ನಗಾಡಿದಳು. "ನನ್ನ ಸವತಿ ಹೇಗಿದ್ದಾಳೆ? ಅವಳಿಗಾಗ್ಲೇ ಮಗು ಆಗಿದೆಯಂತೆ, ನಾನಿನ್ನೂ ಹೊತ್ಕೊಂಡೇ ಬಿದ್ದಿದ್ದೀನಿ." ಬರಬರುತ್ತ ಆ ಮಾತು ಎತ್ತುವುದನ್ನು ಬಿಟ್ಟಳು. ಮಾವ ಊಟಕ್ಕೆ ಬಂದಾಗ ಅವನ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, "ಇದು ಇಲ್ಲಿ ಒದೀತಾ ಇದೆ ನೋಡಿ" ಅನ್ನುತ್ತಿದ್ದಳು. ಅವನು ಹೂಂಗುಟ್ಟುತ್ತಿದ್ದ. ನನಗೆ ಅವನ ತಲೆಗೆ ಮೊಟಕಬೇಕೆನ್ನಿಸುತ್ತಿತ್ತು.

ಉದ್ಘಾಟನೆಯ ದಿನ ಕ್ರೀಡಾಂಗಣದ ಕುರ್ಚಿಗಳು ತುಂಬಿರಬೇಕೆಂದು ನಮ್ಮ ಗಲ್ಲಿಯವರಿಗೆಲ್ಲ ಬಿಟ್ಟಿ ಟಿಕೆಟ್ಟು, ಬಿಟ್ಟಿ ಟೋಪಿ ಕೊಟ್ಟು ಬೆಳಿಗ್ಗೆಯೇ ಬಸ್ಸು ಹತ್ತಿಸಿದರು. ಅಮ್ಮನೂ ಟೋಪಿ ಹಾಕಿಕೊಂಡು ಹೋದಳು. ಮಾವನನ್ನು ರಸ್ತೆಯ ಆ ತುದಿಯಲ್ಲಿ ಮೇಲ್ಸೇತುವೆಯ ಹತ್ತಿರ ಮಾಸಿದ ಬಣ್ಣ ತಿದ್ದಲು ಕರೆದೊಯ್ದರು. ಉಳಿದವರು ಅತ್ತೆ ಮತ್ತು ನಾನು. ಬಸ್ಸು ಹೋದ ಮೇಲೆ ಕೆಲಸಗಾರರು ಬಂದರು. ಗಾಳಿಗೆ ಸೀಳು ಪಟಪಟ ಹಾರಿ ಕ್ಯಾಮೆರಾದ ತಾಲೀಮಿನಲ್ಲಿ ಸಿಕ್ಕಿಬಿದ್ದಿತ್ತಂತೆ. ಗಲ್ಲಿಯಲ್ಲಿ ಯಾರೂ ಇಲ್ಲವೆಂದುಕೊಂಡು ಸೀಳಿನ ನಡುವೆ ಒಂದು ಕಬ್ಬಿಣದ ಕಂಬ ನಿಲ್ಲಿಸಿ, ಎರಡೂ ಅಂಚನ್ನು ಅದಕ್ಕೆ ತಂತಿಯಿಂದ ಬಿಗಿದು ಹೋದರು. ನಾನು ಅತ್ತೆಗೆ ಸ್ನಾನದ ನೀರು ಕಾಯಿಸುತ್ತಿದ್ದೆ. ಸದ್ದು ಕೇಳಿದ್ದರೂ ಇನ್ನೇನೋ ಅಲಂಕಾರ ಅಂದುಕೊಂಡಿದ್ದೆ.

ಮಧ್ಯಾಹ್ನ ಅತ್ತೆ ನನ್ನ ಹೆಸರು ಹಿಡಿದು ಕೂಗಿದಳು. ಹೋಗಿ ನೋಡಿದರೆ ಹಾಸಿಗೆಯಲ್ಲಿ ರಕ್ತ.

ಆಂಬುಲೆನ್ಸಿಗೆ ಫೋನು ಮಾಡಿದೆ. ಬರುತ್ತದೆ ಎಂದರು, ನಿಜಕ್ಕೂ ಬೇಗನೇ ಬಂತು. ಉದ್ಘಾಟನೆಗೆಂದು ಮುಚ್ಚಿದ ರಸ್ತೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಸೈರನ್ನು ಹತ್ತಿರವಾಯಿತು, ನಮ್ಮ ಮುಂದೆ ಬಂತು, ಹಾಗೇ ಮುಂದೆ ಹೋಗಿಬಿಟ್ಟಿತು. ಮತ್ತೆ ವಾಪಸು ಬಂತು, ಮತ್ತೆ ಹೋಯಿತು. ಫೋನು ಹೊಡೆದುಕೊಂಡಿತು.

"ಮೇಡಂ, ನೀವು ಹೇಳೋ ಕಡೆ ಗಲ್ಲೀನೇ ಇಲ್ಲ" ಎಂದ ಡ್ರೈವರು. "ಬರೀ ಮನೆಗಳ ಸಾಲು. ಕಿಟಕೀಲಿ ಜನ ಇದ್ದಾರೆ. ಇಲ್ಲಿಂದ್ಲೇ ಕೂಗಿ ಕೇಳಿದೆ, ಯಾರೂ ಮಾತಾಡ್ತಾ ಇಲ್ಲ."

"ಅವ್ರು ಜನ ಅಲ್ಲ!" ಎಂದು ಕಿರುಚಿದೆ. "ಅದು ಬಟ್ಟೆ! ನಾವು ಬಟ್ಟೆ ಹಿಂದೆ ಇದ್ದೀವಿ!"

ಮಾವನಿಗೂ ಫೋನು ಮಾಡಿ, ಗಲ್ಲಿ ತೋರಿಸು ಬಾ ಎಂದೆ. ಅತ್ತೆಯನ್ನು ಎರಡೂ ಕೈಯಿಂದ ತಬ್ಬಿ ನಡೆಸಿಕೊಂಡು ಬಂದು ಅಂಗಡಿಯ ಮೇಜಿನ ಮೇಲೆ ಕೂರಿಸಿದೆ. ಸೀಳಿನಲ್ಲಿ ಕೈ ಹಾಕಿದರೆ ಕಂಬ, ತಂತಿ. ಅಡುಗೆಮನೆಯ ಚಾಕು ತಂದು ಡಾಂಬರು ಬಟ್ಟೆಯನ್ನು ಕೊರೆದೆ. ಒಂದು ಬೆರಳು ತೂರುವಷ್ಟು ತೂತಾಯಿತು, ಚಾಕು ಬಾಗಿತು. ಎರಡೂ ಅಂಗೈಯಿಂದ ಬಟ್ಟೆಯನ್ನು ಗುದ್ದಿ ಗುದ್ದಿ ಕೂಗಿದೆ.

ಹೊರಗೆ ನಡೆದದ್ದನ್ನು ಡ್ರೈವರು ಆಮೇಲೆ ಹೇಳಿದ. ಮಾವ ಓಡಿ ಬಂದವನು ಗಲ್ಲಿಯ ಬಾಯಿಯನ್ನು ದಾಟಿ ಮುಂದಕ್ಕೆ ಓಡಿದನಂತೆ. ತಿರುಗಿ ಬಂದು ಇನ್ನೊಮ್ಮೆ ದಾಟಿದನಂತೆ. ಹುಟ್ಟಿ ಬೆಳೆದ ಗಲ್ಲಿ, ತಾನೇ ಬರೆದ ಗೋಡೆ. ಕೊನೆಗೆ ನನ್ನ ಕೂಗು ಹಿಡಿದು ಬಂದು ಆ ಕಿಟಕಿಯ ಮುಂದೆ ನಿಂತ. ನಾನು ಒಳಗಿಂದ ಗುದ್ದುತ್ತಿದ್ದದ್ದು ಅಲ್ಲೇ. ಹೊರಗೆ ನಿಂತವರ ಕಣ್ಣಿಗೆ, ಬರೆದ ಅತ್ತೆಯ ತೋಳಿನಲ್ಲಿದ್ದ ಮಗುವಿನ ಎದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಸುಡುಬಿಸಿಲಿನಲ್ಲಿ, ನರಪಿಳ್ಳೆ ಇಲ್ಲದ ರಸ್ತೆಯಲ್ಲಿ ಅದನ್ನು ಕಂಡು ತನ್ನ ಕಾಲೂ ಹಿಂದೆ ಸರಿಯಿತು ಎಂದ ಡ್ರೈವರು.

ಅಪಘಾತವಾದವರ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಆಂಬುಲೆನ್ಸಿನಲ್ಲಿತ್ತು. ಅದನ್ನು ಮಾವನ ಕೈಗೆ ಕೊಟ್ಟು, "ಎಲ್ಲಿ ಕತ್ತರಿಸಿದ್ರೆ ಒಳಗೆ ಹೋಗ್ಬಹುದು, ಬೇಗ" ಎಂದ. ಒಂದು ಕಡೆ ಕಂಬ, ಒಂದು ಕಡೆ ಚೌಕಟ್ಟು. ಕತ್ತರಿ ಆಡುವುದು ನಡುವೆ, ಕಿಟಕಿಯಲ್ಲಿ ಮಾತ್ರ. ಇಲ್ಲಿಂದ ಮುಂದಿನದು ನನ್ನ ಕಿವಿಗೂ ಬಿತ್ತು.

"ಇಲ್ಲಿ ಬೇಡ" ಎಂದ ಮಾವ. "ಬೇರೆ ಕಡೆ ಕತ್ತರ್ಸಿ. ಇಲ್ಲಿ ಬೇಡ."

"ಮಾವ, ರಕ್ತ ನಿಲ್ತಿಲ್ಲ! ಹರಿದ್ಬಿಡು ಮಾವ!"

"ಉಸಿರಾಡ್ತಿದೆ ಕಣೆ" ಎಂದ. ಅಷ್ಟು ಮೆತ್ತಗಿನ ದನಿಯನ್ನು ಅವನಿಂದ ನಾನು ಯಾವತ್ತೂ ಕೇಳಿರಲಿಲ್ಲ. "ಮಗು ಉಸಿರಾಡ್ತಿದೆ."

ಅತ್ತೆ ಮೇಜಿನಿಂದ ಇಳಿದು ಬಟ್ಟೆಗೆ ಬಾಯಿ ಹಚ್ಚಿದಳು. "ರೀ, ಅದು ನಾನಲ್ಲ. ನಾನು ಇಲ್ಲಿದ್ದೀನಿ. ನಿಮ್ಮ ಮಗು ಇಲ್ಲಿದೆ. ಹರೀರಿ."

ಅವನು ಹರಿಯಲಿಲ್ಲ. ಎಷ್ಟು ಹೊತ್ತು ನಿಂತನೋ ನನಗೆ ತಿಳಿಯದು. ಹೆರಿಗೆಯ ನೋವಿನಲ್ಲಿರುವವಳನ್ನು ತಬ್ಬಿಕೊಂಡು ನಿಂತವಳಿಗೆ ಹೊತ್ತು ತಿಳಿಯುವುದಿಲ್ಲ. ಕೊನೆಗೆ ಡ್ರೈವರು ಕತ್ತರಿ ಕಿತ್ತುಕೊಂಡು, ಮಗುವಿನ ಹಣೆಯಿಂದ ಕೆಳಕ್ಕೆ ಒಂದೇ ಸಮ ಕತ್ತರಿಸಿದ. ಬಿಸಿಲು ಒಳಗೆ ಬಿತ್ತು. ಆ ಬೆಳಕಿನಲ್ಲಿ ನಾನು ಕಂಡದ್ದು ಮಾವನ ಮುಖ. ಅವನು ನಮ್ಮನ್ನು ನೋಡುತ್ತಿರಲಿಲ್ಲ, ಜೋತುಬಿದ್ದ ಬಟ್ಟೆಯ ಎರಡು ತುಂಡುಗಳನ್ನು ನೋಡುತ್ತಿದ್ದ.

ಸ್ವಲ್ಪ ಮುಂಚೆ ಕರೆತಂದಿದ್ದರೆ ಎಂದರು ಡಾಕ್ಟರಮ್ಮ. ಹೆಣ್ಣು ಮಗು, ಉಸಿರಿಲ್ಲದೆ ಹುಟ್ಟಿತು. ಅತ್ತೆಗೆ ಪ್ರಜ್ಞೆ ಇರಲಿಲ್ಲ, ಉಳಿದದ್ದೇ ಹೆಚ್ಚು. ನರ್ಸಮ್ಮ ಮಗುವನ್ನು ಬಿಳಿಬಟ್ಟೆಯಲ್ಲಿ ಸುತ್ತಿ ತಂದು ಮಾವನ ಮುಂದೆ ಹಿಡಿದಾಗ ಅವನು ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ನಾನು ಕೈಚಾಚಿ ತೆಗೆದುಕೊಂಡೆ. ಬಟ್ಟೆ ಸರಿಸಿ ಕಣ್ಣು ತುಂಬ ನೋಡಿದೆ. ಸಣ್ಣ ಮುಖ, ಅತ್ತೆಯದೇ ಮೊಂಡು ಗಲ್ಲ, ತಲೆಯಲ್ಲಿ ಕೂದಲೇ ಇಲ್ಲ. ಗೋಡೆಯ ಮೇಲಿನ ಮಗುವಿಗೂ ಇವಳಿಗೂ ಏನೇನೂ ಹೋಲಿಕೆ ಇರಲಿಲ್ಲ. ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಹೊರಗಿನ ಟಿ.ವಿ.ಯಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು.

ಕೂಟ ಮುಗಿಯಿತು. ಬಟ್ಟೆಗೋಡೆಯನ್ನು ಬಿಚ್ಚಿ ಲಾರಿಯಲ್ಲಿ ತುಂಬಿಕೊಂಡು ಹೋದರು. ಗಿರಾಕಿಗಳು ಮರಳಿದರು, ಏನೂ ನಡೆದೇ ಇಲ್ಲವೆಂಬಂತೆ ಅಂಗಿಗೆ ಗಂಜಿ ಹಾಕು ಎಂದರು. ಮಾವ ಕುಂಚ ಮುಟ್ಟಲಿಲ್ಲ. ನಮ್ಮ ಅಂಗಡಿಗೆ ಬಂದು ಬಟ್ಟೆ ಮಡಿಸಲು ನಿಂತ. ನಾನು ಅವನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದೆ. ಎದೆಯಲ್ಲಿ ಕಲ್ಲಿತ್ತು, ಇಲ್ಲ ಎಂದು ಯಾಕೆ ಹೇಳಲಿ?

ಅತ್ತೆ ಎದ್ದು ಓಡಾಡುವಂತಾದ ಮೇಲೆ ಒಂದು ಸಂಜೆ ಮಾವನನ್ನು ಕೇಳಿದಳು. "ಯಾರ ಹಾಗಿದ್ದಳು ರೀ?"

ಮಾವ ಅಂಗಿಯ ತೋಳನ್ನು ಮಡಿಸುತ್ತಿದ್ದವನು ನಿಲ್ಲಿಸಿದ. "ನಾನು ನೋಡ್ಲಿಲ್ಲ" ಎಂದ.

ಅವಳು ಬೈಯಲಿಲ್ಲ. ನನ್ನ ಕಡೆ ತಿರುಗಿ, "ನೀನು ನೋಡಿದ್ಯಲ್ಲ, ಹೇಳು" ಎಂದಳು. ನಾನು ಹೇಳಿದೆ. ಗಲ್ಲ ಹೇಳಿದೆ, ಕಿವಿ ಹೇಳಿದೆ, ಉಗುರು ಹೇಳಿದೆ. ಮಾರನೆಯ ಸಂಜೆ ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಅದೇ ಪರಿಪಾಠವಾಯಿತು. ಅಂಗಡಿ ಮುಚ್ಚಿ ನಾನು ಒಳಕೋಣೆಯಲ್ಲಿ ಅವಳ ಪಕ್ಕ ಕೂರುವುದು, ಮಾವ ಹೊರಕೋಣೆಯಲ್ಲಿ ಬಟ್ಟೆ ಮಡಿಸುತ್ತ ಕೂರುವುದು. ಒಳಗೆ ಬಾ ಎಂದು ಅವಳು ಕರೆಯಲಿಲ್ಲ, ಅವನು ಬರಲಿಲ್ಲ.

ಹೇಳುವುದೆಲ್ಲ ಮುಗಿದ ಒಂದು ದಿನ ಅತ್ತೆ, "ಈಗ ಹೇಗಿದ್ದಾಳೆ?" ಎಂದಳು.

ನಾನು ಮುಖಕ್ಕೆ ಹೊಡೆದಂತೆ ಮಾತಾಡುವವಳೆಂದು ಗಲ್ಲಿಗೆಲ್ಲ ಗೊತ್ತು. ಅತ್ತೆ, ಅವಳಿಲ್ಲ, ಎನ್ನಬೇಕಿತ್ತು. "ಬೋರಲು ಬೀಳ್ತಾಳೆ" ಎಂದಿತು ನನ್ನ ಬಾಯಿ. ಯೋಚಿಸಿ ಆಡಿದ ಮಾತಲ್ಲ. ಅತ್ತೆ ತಲೆಯಾಡಿಸಿದಳು, ಅದು ಸರಿಯಾದ ಸುದ್ದಿ ಎಂಬಂತೆ. ಅಂದಿನಿಂದ ದಿನವೂ ಏನಾದರೊಂದು ಬರುತ್ತದೆ. ಕೂದಲು ಬಂತು. ಹಲ್ಲು ಬಂತು. ಹೊಸ್ತಿಲು ದಾಟಿದಳು. ಅತ್ತೆ ಕೇಳುವ ಮೊದಲೇ ಉತ್ತರ ನನ್ನ ನಾಲಿಗೆಯ ಮೇಲೆ ಇರುತ್ತದೆ, ಎಲ್ಲಿಂದ ಬರುತ್ತದೋ ಕಾಣೆ. ಕೆಲವು ಸಂಜೆ ಎದ್ದು ಓಡಿಬಿಡೋಣ ಅನ್ನಿಸುವಷ್ಟು ಭಯವಾಗುತ್ತದೆ. ಅತ್ತೆ ಮಾತ್ರ ಈಗ ಹೊಟ್ಟೆತುಂಬ ಉಣ್ಣುತ್ತಾಳೆ, ಮತ್ತೆ ಸೀಲಿಂಗಿಗೆ ಜೋಕು ಹೇಳುತ್ತಾಳೆ.

ಮೊನ್ನೆ "ಮಾತು ಕಲಿತಿದ್ದಾಳೆ, ಅಮ್ಮ ಅಂತಾಳೆ" ಎಂದು ಹೇಳುತ್ತಿದ್ದಾಗ ಹೊರಗೆ ಬಟ್ಟೆಯ ಸದ್ದು ನಿಂತಿತು. ಮಾವ ಬಾಗಿಲಿಗೆ ಬಂದ. ಕೈಯಲ್ಲಿ ಯಾರದೋ ಅಂಗಿ. ಒಳಗೆ ಕಾಲಿಡದೆ, ಚೌಕಟ್ಟು ಹಿಡಿದುಕೊಂಡು ನನ್ನನ್ನೇ ಕೇಳಿದ.

"ಅಪ್ಪ ಅಂತಾಳಾ?"

ಅತ್ತೆ ಅವನ ಕಡೆ ನೋಡಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಎಂದಿನಂತೆ ಉತ್ತರ ಆಗಲೇ ಬಂದು ಕೂತಿತ್ತು.

"ಇನ್ನೂ ಇಲ್ಲ ಮಾವ" ಎಂದೆ.